ಹಾಜರಿ ಹಾಳೆಯಲ್ಲಿ ಅವಳ ಹೆಸರು

"ಸ್ಕೂಲೇ ಮುಗಿಸದವನು ಕಾಲೇಜಿಗೆ ಯಾಕೋ ಬಂದೆ? ನನ್ನ ಹಾಳು ಮಾಡೋಕಾ?"

ಗಾರ್ಗಿ ಇದನ್ನು ಇಡೀ ಕ್ಲಾಸಿನ ಎದುರು ಅಂದಳು. ಕನ್ನಡದಲ್ಲೇ ಅಂದಳು. ಪ್ರೊಫೆಸರ್ ಮೊರೇನೋ ಅವಳನ್ನು ಮುಂದಕ್ಕೆ ಕರೆದು, ಮಂಗಳವಾರದ ಹಾಜರಿ ಹಾಳೆ ತೋರಿಸಿ, ಮೆಲ್ಲಗೆ ಏನೋ ಕೇಳಿದ್ದರು. ಅಲ್ಲಿಂದ ನನ್ನ ಮೇಜಿನ ತನಕ ನಡೆದು ಬರುವಷ್ಟರಲ್ಲಿ ಅವಳ ಮೂಗಿನ ತುದಿ ಕೆಂಪಾಗಿತ್ತು.

ಕ್ಲಾಸಿನಲ್ಲಿ ಮೆಕ್ಸಿಕೋದವರಿದ್ದರು, ವಿಯೆಟ್ನಾಮಿನವರಿದ್ದರು, ಫಿಲಿಪೀನ್ಸಿನ ಒಬ್ಬ ಅಜ್ಜನಿದ್ದ. ಯಾರಿಗೂ ಮಾತು ಅರ್ಥವಾಗಲಿಲ್ಲ. ಬೈಸಿಕೊಂಡವನು ನಾನು ಅಂತ ಮಾತ್ರ ಎಲ್ಲರಿಗೂ ಅರ್ಥವಾಯಿತು. ಮಾತೂ ಅರ್ಥವಾಗಿದ್ದು ಹಿಂದಿನ ಸಾಲಿನ ಸುಧನ್ವನೊಬ್ಬನಿಗೆ. ಇಲ್ಲೇ ಹುಟ್ಟಿದವನು, ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರ ಪೈಕಿ.

"ಓ, ಬ್ರೋ. ದಟ್ ವಾಸ್ ಬ್ಯಾಡ್," ಎಂದ.

ಗಾರ್ಗಿ ಅಂದದ್ದನ್ನು ಬೇರೆ ಯಾರಾದರೂ ಅಂದಿದ್ದರೆ ಆ ಕ್ಷಣ ಏನಾಗುತ್ತಿತ್ತೋ ನನಗೇ ಗೊತ್ತಿಲ್ಲ. ಕೋಪ ನನಗೆ ಹಸಿವಿನ ಹಾಗೆ, ಹೊತ್ತು ಹೊತ್ತಿಗೆ ಬರುತ್ತದೆ. ಆದರೆ ಅವಳ ಕೈ ನೋಡಿದೆ. ಬೈಯುತ್ತಿದ್ದದ್ದು ಬಾಯಿ ಮಾತ್ರ. ಕೈ ನನ್ನ ಮೇಜಿನ ಅಂಚು ಹಿಡಿದು ಗಡಗಡ ನಡುಗುತ್ತಿತ್ತು. ಆ ನಡುಕ ಮೇಜಿನಿಂದ ನನ್ನ ಮೊಣಕೈಗೆ ಹತ್ತಿತು.

ಬೈದು ಮುಗಿಸಿ ಅವಳು ಹೊರಗೆ ಹೋಗಲಿಲ್ಲ. ನನ್ನ ಪಕ್ಕದಲ್ಲೇ, ದಿನವೂ ಕೂರುವ ಕುರ್ಚಿಯಲ್ಲೇ ಕೂತಳು. ಎದ್ದು ಹೋದರೆ ಅದೂ ಒಂದು ಗೈರುಹಾಜರಿ.

ಹಾಗೆ ಇಬ್ಬರೂ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ, ಒಬ್ಬರನ್ನೊಬ್ಬರು ನೋಡದೆ, ಆ ಕ್ಲಾಸು ಮುಗಿಯುವ ತನಕ ಕೂತಿದ್ದೆವು.

*

ಮೊದಲ ದಿನವೂ ಹೀಗೇ ಪಕ್ಕಪಕ್ಕ ಕೂತಿದ್ದೆವು.

ಗುಡ್ಡದ ತಪ್ಪಲಿನ ಕಮ್ಯುನಿಟಿ ಕಾಲೇಜು ನಮ್ಮದು. ಹದಿನೆಂಟು ತುಂಬಿದ ಯಾರು ಬೇಕಾದರೂ ಸೇರಬಹುದು, ಹೈಸ್ಕೂಲು ಬಿಟ್ಟವನೂ. ನಾನು ಬಿಟ್ಟವನು. ಅಪ್ಪ ಹೋಟೆಲಿನ ಅಡುಗೆ ಕೆಲಸದ ಮೇಲೆ ನಮ್ಮನ್ನು ಮಳವಳ್ಳಿಯಿಂದ ಇಲ್ಲಿಗೆ ತಂದಾಗ ನನ್ನದು ಓದುವ ವಯಸ್ಸೇ. ಹೊಸ ಸ್ಕೂಲಿನಲ್ಲಿ ಎದ್ದು ನಿಂತು ಪಾಠ ಓದು ಅಂದರು, ಓದಿದೆ. ನನ್ನ ಇಂಗ್ಲಿಷಿಗೆ ಎಲ್ಲರೂ ನಕ್ಕರು. ಪುಸ್ತಕ ಬಿಸಾಕಿ ಹೊರಬಿದ್ದವನು ಮತ್ತೆ ಆ ಗೇಟು ತುಳಿಯಲಿಲ್ಲ. ಈಗ ಗಿಲ್‌ರಾಯ್‌ನಲ್ಲಿ ಮನೆ, ಫ್ರೀಮಾಂಟಿನ ಟೈರ್ ಅಂಗಡಿಯಲ್ಲಿ ಕೆಲಸ. ಕೌಂಟರಿನಲ್ಲಿ ನಿಂತು ಗಿರಾಕಿಗಳ ಹತ್ತಿರ ಮಾತಾಡುವ ಕೆಲಸ ಬೇಕಿದ್ದರೆ ಮಾತು ಕಲಿತುಕೊಂಡು ಬಾ ಅಂದ ಮ್ಯಾನೇಜರು. ಅದಕ್ಕೇ ಬೆಳಗಿನ ಈ ಕ್ಲಾಸು: ಪಬ್ಲಿಕ್ ಸ್ಪೀಕಿಂಗ್. ನಾಲ್ಕು ಜನರ ಎದುರು ಎದ್ದು ನಿಂತು ಮಾತಾಡುವುದು. ನನಗೆ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಹೆದರಿಕೆ ಇರಲಿಲ್ಲ.

ಪ್ರೊಫೆಸರ್ ಮೊರೇನೋ ಬೆಳ್ಳಿಗೂದಲಿನ ಹೆಂಗಸು. ಸಿಲಬಸ್ಸನ್ನು ಅಡುಗೆ ಹೇಳಿಕೊಡುವವರ ಹಾಗೆ ನಿಧಾನವಾಗಿ ಓದಿದರು. ಭಾಷಣ ಮಾಡುವವರಿಗೆ ಕೇಳುವವರು ಬೇಕು, ಹಾಗಾಗಿ ಹಾಜರಿ ಇಲ್ಲಿ ಅರ್ಧ ಪಾಠ. ಮೂರು ಸಲ ತಡವಾದರೆ ಒಂದು ಗೈರು. ನಾಲ್ಕು ಗೈರಿನ ತನಕ ಸೈರಿಸುತ್ತೇನೆ. ಐದಾದರೆ ಕೋರ್ಸಿನಿಂದ ನಾನೇ ತೆಗೆದುಹಾಕುತ್ತೇನೆ.

"ಅಯ್ಯೋ ಶಿವನೇ," ಎಂದು ಪಕ್ಕದ ಹುಡುಗಿ ಉಸಿರಿನಲ್ಲೇ ಅಂದಳು.

"ಶಿವನಿಗೂ ನಾಲ್ಕೇ ಅಂತೆ," ಎಂದೆ ನಾನು.

ಅವಳು ತಟ್ಟನೆ ತಿರುಗಿದಳು. ದೊಡ್ಡ ಕನ್ನಡಕ, ಅದರ ಹಿಂದೆ ಇನ್ನೂ ದೊಡ್ಡದಾದ ಕಣ್ಣು. ನಗು ಬಂದರೆ ಬಾಯಿ ಮುಚ್ಚಿಕೊಳ್ಳುವವರನ್ನು ನೋಡಿದ್ದೇನೆ. ಇವಳು ಕನ್ನಡಕದೊಳಗೆ ಬೆರಳು ತೂರಿಸಿ ಕಣ್ಣು ಮುಚ್ಚಿಕೊಂಡಳು. ಭುಜ ಮಾತ್ರ ಕುಲುಕುತ್ತಿತ್ತು.

"ಕನ್ನಡದವರಾ? ನೋಡಿದ್ರೆ ಜಗಳ ಆಡೋಕೆ ಬಂದವರ ಥರ ಕೂತಿದ್ರಿ," ಎಂದಳು ಕ್ಲಾಸು ಮುಗಿದ ಮೇಲೆ.

"ನನ್ನ ಮುಖಾನೇ ಹಂಗೆ, ಮೇಡಂ."

"ಮೇಡಂ ಅಂತೆ. ಗಾರ್ಗಿ. ಮೈಸೂರು."

ಮೈಸೂರಿನಲ್ಲಿ ಕಿವಿ ಕೇಳದ, ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವ ವಿದ್ಯೆ ಓದಬೇಕೆಂದಿದ್ದಳಂತೆ. ಸೀಟು ಸಿಗಲಿಲ್ಲ. ಅದನ್ನೇ ಇಲ್ಲಿ ಓದಲು ಸ್ಟೂಡೆಂಟ್ ವೀಸಾದಲ್ಲಿ ಬಂದಿದ್ದಳು. ಇಲ್ಲೇ ಹತ್ತಿರದ ಡಬ್ಲಿನ್ ಎಂಬ ಊರಿನಲ್ಲಿ ಚಿಕ್ಕಪ್ಪ ಅರವಿಂದರ ಮನೆಯಲ್ಲಿ ಇದ್ದಳು. ಆ ಮನೆಯಲ್ಲಿ ಎರಡು ವರ್ಷದ ಪುಟ್ಟ ಇದ್ದ. ಪುಟ್ಟನಿಗೆ ಮೈ ಬಿಸಿಯಾದರೆ ಡೇಕೇರಿನವರು ಒಳಗೆ ಬಿಡುವುದಿಲ್ಲ.

"ಚಿಕ್ಕಪ್ಪಂಗೆ ಮೀಟಿಂಗು, ಚಿಕ್ಕಮ್ಮಂಗೆ ಮೀಟಿಂಗು. ಮೀಟಿಂಗು ಇಲ್ದೋಳು ನಾನೊಬ್ಳೇ ತಾನೆ?" ಎನ್ನುತ್ತಿದ್ದಳು. ಹೀಗೆ ಒಂದೊಂದಾಗಿ ಅವಳ ನಾಲ್ಕು ಗೈರುಗಳೂ ಪುಟ್ಟನ ಜ್ವರಕ್ಕೆ ಹೋದವು.

"ಮೊರೇನೋಗೆ ಹೇಳಬಾರದಾ?"

"ಮನೆ ವಿಷಯ ಕಾಲೇಜಲ್ಲಿ ಹೇಳ್ಬೇಡ ಅಂದಿದ್ದಾರೆ ಚಿಕ್ಕಪ್ಪ."

ಅವಳ ವೀಸಾಗೆ ಸೆಮಿಸ್ಟರಿಗೆ ಹನ್ನೆರಡು ಯೂನಿಟ್, ಅಂದರೆ ನಾಲ್ಕು ಕೋರ್ಸಿನಷ್ಟು ಓದು, ಇರಲೇಬೇಕು. ಅವಳು ತೆಗೆದುಕೊಂಡದ್ದು ಹನ್ನೆರಡೇ. ಈ ಒಂದು ಕೋರ್ಸು ಕೈಬಿಟ್ಟರೆ ವೀಸಾ ಹೋಯಿತು, ಊರಿಂದ ತಂದ ನೀಲಿ ಸೂಟ್‌ಕೇಸು ಕಟ್ಟಬೇಕು. ಇದನ್ನು ಅವಳು ನಗುತ್ತ ಹೇಳಿದಳು. ಕೇಳಿದ ದಿನದಿಂದ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಅವಳ ಬಸ್ಸು ತಡವಾದರೆ ಕ್ಲಾಸಿನ ಬಾಗಿಲಲ್ಲಿ ನಿಂತು ನಾನು ಬೆವರುತ್ತಿದ್ದೆ.

ಅವಳ ಇನ್ನೊಂದು ಕಷ್ಟವೆಂದರೆ ಸುಳ್ಳು. ಹೇಳಲು ಬಾರದು. ತಡವಾದವರೆಲ್ಲ ತಪ್ಪನ್ನು ಫ್ರೀವೇ ಟ್ರಾಫಿಕ್ಕಿನ ಮೇಲೆ ಹಾಕುತ್ತಾರೆ. ಇವಳು ಒಂದು ದಿನ ಬಾಗಿಲಲ್ಲಿ ನಿಂತು, "ಸಾರಿ ಪ್ರೊಫೆಸರ್, ಬಸ್ಸು ಸರಿಯಾಗೇ ಬಂತು, ನಾನೇ ದೋಸೆ ತಿಂತಾ ಕೂತುಬಿಟ್ಟೆ," ಎಂದಳು. ಆ ಕ್ಲಾಸಿಗೆ ದೋಸೆ ಎಂದರೇನು ಎಂದು ವಿವರಿಸಿ ಕೂರಬೇಕಾಯಿತು.

ನನಗೆ ಮಾತು ಕಲಿಸಿದವಳು ಅವಳೇ. ಕ್ಯಾಂಟೀನಿನ ಹಿಂದಿನ ನೀಲಗಿರಿ ಮರದ ಕೆಳಗೆ ನಿಲ್ಲಿಸುತ್ತಿದ್ದಳು.

"ಉಸಿರು ಎದೇಲಿ ನಿಲ್ಲಿಸಬೇಡ ಕೆಂಪು. ಹೊಟ್ಟೆಗೆ ಇಳಿಸು. ಆಮೇಲೆ ಒಬ್ಬರನ್ನ ಮಾತ್ರ ನೋಡು. ಆಮೇಲೆ ಬಾಯಿ ತೆಗಿ."

ಕೆಂಪರಾಜು ಎಂಬ ನನ್ನ ಹೆಸರು ಅವಳ ಬಾಯಲ್ಲಿ ಅಷ್ಟು ಬೇಗ ಅರ್ಧವಾಗಿತ್ತು.

"ಯಾರನ್ನ ನೋಡ್ಲಿ?"

"ಯಾರನ್ನಾದ್ರೂ. ಮರಾನ ನೋಡು."

ನಾನು ಅವಳನ್ನು ನೋಡಿದೆ. ಪಂಕ್ಚರಾದ ಟೈರು ಬದಲಿಸುವುದು ಹೇಗೆ, ಅದು ನನ್ನ ಭಾಷಣ. ಜ್ಯಾಕು ಎಲ್ಲಿಡಬೇಕು ಎನ್ನುವ ತನಕ ಚೆನ್ನಾಗಿ ಬಂತು. ಅಲ್ಲಿಗೆ ಬಂದಾಗ ಅವಳು ಹಣೆಯ ಮೇಲಿನ ಕೂದಲು ಸರಿಸಿ ನನ್ನನ್ನೇ ನೋಡಿದಳು. ನನಗೆ ಮುಂದಿನದು ಮರೆತೇ ಹೋಯಿತು.

"ನಿಲ್ಲಿಸಿದ್ಯಾಕೆ? ಕಾರು ಗಾಳೀಲಿ ನೇತಾಡ್ತಿದೆ," ಎಂದಳು.

"ನೇತಾಡ್ಲಿ ಬಿಡು."

ಅವಳು ಮತ್ತೆ ಕಣ್ಣು ಮುಚ್ಚಿಕೊಂಡಳು.

ಆ ಮರದ ಕೆಳಗೇ ಒಂದು ದಿನ ಮೈಸೂರಿನ ಕಾಲೇಜಿನ ಕಥೆ ಹೇಳಿದಳು. ಗೆಳತಿ ಆರತಿ ಇವಳಿಗಾಗಿ ಪ್ರಾಕ್ಸಿ ಕೊಡುತ್ತಿದ್ದಳಂತೆ, ದನಿ ಬದಲಿಸಿ "ಎಸ್ ಸರ್" ಎಂದು ಕೂಗಿ. ಇವಳು ಒಂದು ಸಲವೂ ಕೊಟ್ಟವಳಲ್ಲ, ಬಾಯಿ ಒಣಗುತ್ತಿತ್ತಂತೆ. "ಪ್ರಾಕ್ಸಿ ಕೊಡೋರು ಇದ್ದಾರೆ ಅಂದ್ರೆ ನಮ್ಮೋರು ಅಂತ ಒಬ್ರಿದ್ದಾರೆ ಅಂತ ಕಣೋ," ಎಂದಳು.

ನಾನು ಇದಕ್ಕೆ ಮುಂಚೆ ಕಾಲೇಜಿನ ಮುಖ ನೋಡಿದವನಲ್ಲ. ಕಾಲೇಜು ಎಂದರೆ ಹೀಗಿರುತ್ತದೆ ಎಂದುಕೊಂಡೆ.

*

ಮಂಗಳವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಫೋನು ನೋಡಿದರೆ ಅವಳ ಮೆಸೇಜು. "ಇವತ್ತು ಬರಲ್ಲ ಕೆಂಪು. ಪುಟ್ಟನಿಗೆ ಜೋರು ಜ್ವರ."

ಐದನೆಯದು.

ಕಾರಿನಿಂದ ಕ್ಲಾಸಿನ ತನಕ ಹೇಗೆ ನಡೆದೆನೋ ಗೊತ್ತಿಲ್ಲ. ಹಾಜರಿ ಹಾಳೆ ಸಾಲಿನಿಂದ ಸಾಲಿಗೆ ಬರುತ್ತಿತ್ತು. ಅದು ನನ್ನ ಕೈಗೆ ಬಂದಾಗ ಅವಳ ಹೆಸರಿನ ಎದುರಿನ ಜಾಗ ಬಿಳಿಯಾಗಿ ಖಾಲಿ ಇತ್ತು. ಆ ಖಾಲಿ ಜಾಗದಲ್ಲಿ ನನಗೆ ಕಂಡದ್ದು ವಿಮಾನ, ಅವಳ ನೀಲಿ ಸೂಟ್‌ಕೇಸು, ಪಕ್ಕದ ಕುರ್ಚಿಯಲ್ಲಿ ಬೇರೆ ಯಾರೋ.

ಗಾರ್ಗಿ ಕನ್ನಡದಲ್ಲಿ ಸಹಿ ಹಾಕುತ್ತಾಳೆ. ದಿನವೂ ಪಕ್ಕದಲ್ಲಿ ಕೂತು ನೋಡಿದ್ದೇನೆ. ಗಾ ಅಕ್ಷರದ ದೀರ್ಘವನ್ನು ಬಳ್ಳಿಯ ಹಾಗೆ ಎಳೆಯುತ್ತಾಳೆ, ಕೊನೆಯ ಅಕ್ಷರದ ಕೆಳಗೊಂದು ಚುಕ್ಕೆ ಇಡುತ್ತಾಳೆ, ದೃಷ್ಟಿಬೊಟ್ಟಿನ ಹಾಗೆ. ನಾನು ಬಳ್ಳಿ ಎಳೆದೆ. ಬೊಟ್ಟು ಇಟ್ಟೆ. ಹಾಳೆ ಮುಂದಕ್ಕೆ ದಾಟಿಸಿದೆ.

ಮುಂದಿನ ಕ್ಲಾಸು ಗುರುವಾರ. ಗುರುವಾರ ಅವಳು ಇಡೀ ಕ್ಲಾಸಿನ ಎದುರು ನನ್ನನ್ನು ಬೈದಳು. ಆ ಕ್ಲಾಸಿನಲ್ಲಿ ಕನ್ನಡ ಬರೆಯಬಲ್ಲವರು ಇಬ್ಬರೇ. ಸುಧನ್ವನಿಗೆ ಅವನ ಹೆಸರನ್ನೂ ಕನ್ನಡದಲ್ಲಿ ಬರೆಯಲು ಬಾರದು. ಯಾರು ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

*

ಕ್ಲಾಸು ಬಿಟ್ಟ ಮೇಲೆ ಬಸ್ ಸ್ಟಾಪಿನ ತನಕ ಅವಳ ಹಿಂದೆ ಓಡಿದೆ.

"ಗಾರ್ಗಿ, ಐದಾದ್ರೆ ತೆಗೆದುಹಾಕ್ತಾರೆ ಅಂತ..."

"ಐದಾಗಿರಲಿಲ್ಲ ಕಣೋ!" ಅವಳು ತಿರುಗಿ ನಿಂತಳು. "ಚಿಕ್ಕಪ್ಪನ ಮಾತು ಮೀರಿ ಅವತ್ತು ಬೆಳಿಗ್ಗೆನೇ ಇಮೇಲ್ ಕಳಿಸಿದ್ದೆ. ಮಗೂಗೆ ಹುಷಾರಿಲ್ಲ, ಮನೇಲಿ ಬೇರೆ ಯಾರೂ ಇಲ್ಲ, ದಯವಿಟ್ಟು ಅಂತ. ಅವರು ಒಪ್ಪಿದ್ರು. ಇದನ್ನ ಲೆಕ್ಕಕ್ಕೆ ಹಿಡಿಯಲ್ಲ, ಮಗೂನ ನೋಡ್ಕೋ ಅಂತ ಬರೆದಿದ್ರು. ನಾನು ಮನೇಲಿ ಇದ್ದೀನಿ ಅಂತ ಅವರ ಹತ್ರ ನನ್ನ ಇಮೇಲ್ ಇದೆ. ಕ್ಲಾಸಲ್ಲಿ ಇದ್ದೀನಿ ಅಂತ ನನ್ನ ಸಹಿ ಇದೆ. ಈಗ ನಾನು ಏನು ಅಂತ ಅಂದ್ಕೋಬೇಕು ಅವರು?"



"ಪ್ರಾಕ್ಸಿ ಅಂದ್ರೆ ನಮ್ಮೋರು ಅಂತ... ನೀನೇ ಹೇಳಿದ್ದೆ."

"ಅದು ಮೈಸೂರು! ಅಲ್ಲಿ ಸಿಕ್ಕಿಬಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಾರೆ, ಅಷ್ಟೇ. ಇಲ್ಲಿ ಇದು ಮೋಸ ಕೆಂಪು. ಡೀನ್ ಆಫೀಸಿಗೆ ಹೋಗುತ್ತೆ. ನನ್ನ ಕೋರ್ಸು ಹೋಗುತ್ತೆ, ಕೋರ್ಸು ಹೋದ್ರೆ..."

ಬಸ್ಸು ಬಂತು. ಹತ್ತುವ ಮುನ್ನ ಒಂದು ಸಲ ನನ್ನನ್ನು ನೋಡಿದಳು. ಕನ್ನಡಕದ ಗಾಜಿನ ಮೇಲೆ ಮಬ್ಬು ಕವಿದಿತ್ತು, ಒಳಗೆ ಕೋಪ ಇತ್ತೋ ಬೇರೆ ಏನಿತ್ತೋ ಕಾಣಲಿಲ್ಲ.

"ಯಾಕೋ ಮಾಡಿದೆ ನನಗೋಸ್ಕರ ಇಷ್ಟೆಲ್ಲ? ನಾನು ನಿನಗೆ ಏನು?" ಎಂದಳು.

ಬಾಗಿಲು ಮುಚ್ಚಿತು. ಬಸ್ ಸ್ಟಾಪಿನ ಕಂಬಕ್ಕೆ ಒಂದು ಒದ್ದೆ. ಕಂಬಕ್ಕೆ ಏನೂ ಆಗಲಿಲ್ಲ.

*

ಪ್ರೊಫೆಸರ್ ಮೊರೇನೋ ಅವರ ಕೋಣೆಯ ಬಾಗಿಲು ತೆರೆದೇ ಇತ್ತು. ಉಸಿರು ಹೊಟ್ಟೆಗೆ ಇಳಿಸಿದೆ. ಒಬ್ಬರನ್ನು ಮಾತ್ರ ನೋಡಿದೆ. ಬಾಯಿ ತೆರೆದೆ.

ಸಹಿ ನನ್ನದು ಎಂದೆ ಇಂಗ್ಲಿಷಿನಲ್ಲಿ. ಅವಳು ಹೇಳಿದ್ದಲ್ಲ, ಅವಳಿಗೆ ಗೊತ್ತಿರಲಿಲ್ಲ ಎಂದೆ. ಅಷ್ಟು ಉದ್ದದ ಇಂಗ್ಲಿಷನ್ನು ನಾನು ತಡವರಿಸದೆ ಆಡಿದ್ದು ಅದೇ ಮೊದಲು.

ಅವರು ಮಂಗಳವಾರದ ಹಾಜರಿ ಹಾಳೆ ತೆಗೆದು ಮೇಜಿನ ಮೇಲಿಟ್ಟರು.

"ನಾನು ವರದಿ ಬರೆಯದೆ ಇರುವ ಹಾಗಿಲ್ಲ," ಎಂದರು ಕೊನೆಗೆ. "ಡೀನ್ ಇಬ್ಬರನ್ನೂ ಬೇರೆ ಬೇರೆ ಕರೆದು ಕೇಳುತ್ತಾರೆ. ಅವಳಿಗೆ ಗೊತ್ತಿತ್ತೇ ಎಂದು ಕೇಳುತ್ತಾರೆ. ನೀವಿಬ್ಬರೂ ಜೋಡಿಯೇ ಎಂದೂ ಕೇಳುತ್ತಾರೆ."

"ಅದು ಯಾಕೆ?"

"ಜೋಡಿ ಎಂದರೆ, ಅವಳಿಗೆ ಗೊತ್ತಿರಲಿಲ್ಲ ಎನ್ನುವುದನ್ನು ಯಾರೂ ನಂಬುವುದಿಲ್ಲ. ಇಬ್ಬರಿಗೂ ಎಫ್ ಬರುತ್ತದೆ, ಇಬ್ಬರೂ ಕೋರ್ಸಿನಿಂದ ಹೊರಗೆ. ಅಲ್ಲವೆಂದರೆ ತಪ್ಪು ನಿನ್ನೊಬ್ಬನದು. ಅವಳ ರಜೆ ರಜೆಯಾಗಿಯೇ ಉಳಿಯುತ್ತದೆ."

ಮತ್ತೊಂದು ನಿಯಮವಿತ್ತು. ಇಂಥ ವರದಿಯಲ್ಲಿ ಹೆಸರಿರುವ ಇಬ್ಬರನ್ನು ಒಂದೇ ಕ್ಲಾಸಿನಲ್ಲಿ ಇಡುವುದಿಲ್ಲ. ಒಬ್ಬರು ಬಿಡಬೇಕು. ಬಿಡುವುದಕ್ಕೆ ನಾಳೆಯೇ ಕೊನೆಯ ದಿನ. ನಾಳೆಯೊಳಗೆ ತಾನಾಗಿ ಬಿಟ್ಟರೆ ಹೆಸರಿನ ಮುಂದೆ ಡಬ್ಲ್ಯೂ ಬರುತ್ತದೆ. ಅದು ಪಾಸೂ ಅಲ್ಲ, ಫೇಲೂ ಅಲ್ಲ. ಬಂದಿದ್ದ, ಹೋದ, ಅಷ್ಟೇ.

"ನಿನ್ನ ಟೈರಿನ ಭಾಷಣ ಮುಂದಿನ ವಾರ ಇತ್ತು," ಎಂದರು ಅವರು. "ಕೇಳಬೇಕು ಅಂತ ಕಾಯುತ್ತಿದ್ದೆ."

ಕಾರಿಡಾರಿನ ಗೋಡೆಗೆ ಒರಗಿ ಫೋನಿನಲ್ಲಿ ಕೋರ್ಸು ಬಿಡುವ ಪುಟ ತೆರೆದೆ. ಖಚಿತವೇ ಎಂದು ಪರದೆ ಕೇಳಿತು. ಬಸ್ ಸ್ಟಾಪಿನಲ್ಲಿ ಅವಳು 'ಕೋರ್ಸು ಹೋದ್ರೆ' ಎಂದು ಅರ್ಧಕ್ಕೆ ನಿಲ್ಲಿಸಿದ ಮಾತು ನೆನಪಾಯಿತು. ಒಂದು ಸ್ಕೂಲನ್ನು ಪುಸ್ತಕ ಬಿಸಾಕಿ ಬಿಟ್ಟಿದ್ದೆ. ಇದನ್ನು ಬೆರಳ ತುದಿಯಲ್ಲಿ ಮೆತ್ತಗೆ ಒತ್ತಿ ಬಿಟ್ಟೆ. ಎರಡನೆಯದೇ ಹೆಚ್ಚು ನೋಯಿತು.

*

ಡೀನ್ ಆಫೀಸಿನಲ್ಲಿ ಮೊದಲು ನನ್ನ ಸರದಿ. ಕೇಳಿದ್ದಕ್ಕೆಲ್ಲ ಹೇಳಿದೆ. ಅವಳು ನಿನಗೆ ಏನಾಗಬೇಕು ಎಂದಾಗ, "ಕ್ಲಾಸ್‌ಮೇಟ್," ಎಂದೆ. ನನಗೆ ಸುಳ್ಳು ಬರುತ್ತದೆ.

ಹೊರಗೆ ಬಂದರೆ ಬೆಂಚಿನ ಮೇಲೆ ಗಾರ್ಗಿ. ಅರಿಶಿನ ಬಣ್ಣದ ಸ್ವೆಟರು, ಮಡಿಲಲ್ಲಿ ಬ್ಯಾಗು. ಅದರ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಬೆರಳು ಬೆಳ್ಳಗಾಗಿತ್ತು.

"ನೀನು ಕೋರ್ಸು ಬಿಟ್ಟೆಯಂತೆ. ಮೊರೇನೋ ಹೇಳಿದ್ರು," ಎಂದಳು.

"ಹೂಂ. ನಂಗೆ ಆಗಿಬರಲಿಲ್ಲ."

"ಸುಳ್ಳು." ಅವಳು ತಲೆ ತಗ್ಗಿಸಿದಳು. "ಅವತ್ತು ಎಲ್ಲರ ಮುಂದೆ ಹಂಗೆ ಅಂದೆ. ಸ್ಕೂಲು ಮುಗಿಸದವನು ಅಂತ. ಅದನ್ನ ನಾನು ಅನ್ನಬಾರದಿತ್ತು. ಅದು ನಿನಗೆ ಎಲ್ಲಿ ನೋಯುತ್ತೆ ಅಂತ ಗೊತ್ತಿದ್ದೂ ಅಲ್ಲೇ ಹೊಡೆದೆ."

"ಬಿಡು. ಯಾರಿಗೂ ಅರ್ಥ ಆಗಲಿಲ್ಲ."

"ಸುಧನ್ವಂಗೆ ಆಯ್ತಲ್ಲ."

"ಅವನಿಗೆ ಅರ್ಧ ಆಗಿರುತ್ತೆ."

ತುಟಿಯ ಒಂದು ಕೊನೆಯಲ್ಲಿ ನಗು ಬಂದು ಹೋಯಿತು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಮರದ ಕೆಳಗೆ ನನ್ನ ಭಾಷಣ ನಿಲ್ಲಿಸಿದ್ದ ಅದೇ ನೋಟ. ಈಗ ಅದರೊಳಗೆ ಹೆದರಿಕೆಯೂ ಕೂತಿತ್ತು.

"ಒಳಗೆ ಕೇಳ್ತಾರಂತೆ, ನೀವಿಬ್ರೂ ಜೋಡಿನಾ ಅಂತ. ಏನು ಹೇಳ್ಲಿ?"

"ಇಲ್ಲ ಅನ್ನು."

"ಅದು ನಿಜ ಆದ್ರೆ ಅಂತೀನಿ. ಸುಳ್ಳಾದ್ರೆ ನನ್ನ ಬಾಯಿ ಒಣಗುತ್ತೆ, ಅವರಿಗೆ ಗೊತ್ತಾಗಿಬಿಡುತ್ತೆ." ಪಟ್ಟಿ ಸುತ್ತುವುದು ನಿಂತಿತು. "ನಂಗೆ ನೀನು ಇಷ್ಟ ಕಣೋ ಕೆಂಪು. ಬಾಗಿಲಲ್ಲಿ ನಿಂತು ನನ್ನ ಬಸ್ಸಿಗೆ ಕಾಯ್ತಿದ್ದೆಯಲ್ಲ, ಆವಾಗಿಂದ. ಆದ್ರೆ ಅದು ನನ್ನೊಬ್ಬಳ ವಿಷಯ. ಅವರು ಕೇಳಿದ್ರೆ, ಒಬ್ಬಳ ಇಷ್ಟ ಜೋಡಿ ಆಗಲ್ಲ. ಅದಕ್ಕೇ ಈಗಲೇ ಕೇಳ್ತಿದ್ದೀನಿ. ನಿಂಗೆ ನಾನು ಇಷ್ಟಾನಾ?"



ಆ ಮಾತಿಗಾಗಿ ನಾನು ಎಷ್ಟು ದಿನ ಗಿಲ್‌ರಾಯ್‌ನಿಂದ ಬೆಳಗಿನ ಮಂಜಿನಲ್ಲಿ ಕಾರು ಓಡಿಸಿಕೊಂಡು ಬಂದಿದ್ದೆ. ಬೆಳ್ಳುಳ್ಳಿ ಹೊಲಗಳ ವಾಸನೆಯಲ್ಲಿ, ನಿಂತ ಟ್ರಾಫಿಕ್ಕಿನಲ್ಲಿ, ಒಬ್ಬನೇ ಎಷ್ಟು ಸಲ ಅದನ್ನು ಹೇಳಿ ನೋಡಿದ್ದೆ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ. ಈಗ ಅವಳೇ ಕೇಳುತ್ತಿದ್ದಾಳೆ. ಬರಿಯ ಒಂದು ಹೂಂ ಸಾಕು.

ಹೂಂ ಎಂದರೆ ಅವಳು ಒಳಗೆ ಹೋಗಿ ಹೂಂ ಎನ್ನುತ್ತಾಳೆ. ಸಂಜೆಯೊಳಗೆ ಎಫ್ ಬರುತ್ತದೆ, ನೀಲಿ ಸೂಟ್‌ಕೇಸು ಮಂಚದ ಕೆಳಗಿಂದ ಹೊರಗೆ ಬರುತ್ತದೆ. ಊಹೂಂ ಎನ್ನೋಣವೆಂದರೆ, ಡೀನಿಗೆ ಹೇಳಿದ ಸುಳ್ಳು ಬೇರೆ. ಇವಳ ಕಣ್ಣು ನೋಡಿಕೊಂಡು ಇವಳಿಗೆ ಹೇಳುವ ಸುಳ್ಳು ನನ್ನಿಂದಾಗದು. ಉತ್ತರವೇ ಸಿಗದಿದ್ದರೆ ಮಾತ್ರ ಅವಳು ಒಳಗೆ ಇಲ್ಲ ಎನ್ನುವುದು ಸುಳ್ಳಾಗದು.

ಬಾಗಿಲು ತೆರೆಯಿತು. ಒಬ್ಬ ಹೆಂಗಸು ಕಾಗದ ನೋಡಿ, "ಗ್ಯಾರ್‌ಗಿ?" ಎಂದಳು.

"ಒಂದ್ನಿಮಿಷ," ಎಂದಳು ಗಾರ್ಗಿ ಅವಳಿಗೂ ಕನ್ನಡದಲ್ಲೇ, ನನ್ನಿಂದ ಕಣ್ಣು ತೆಗೆಯದೆ. "ಹೇಳೋ. ಏನಾದ್ರೂ ಒಂದು ಹೇಳು. ಕಲಿಸಿದ್ದೀನಲ್ಲ."

ಕಲಿಸಿದ್ದಳು. ಉಸಿರು ಹೊಟ್ಟೆಗೆ ಇಳಿಯಿತು. ಒಬ್ಬಳನ್ನೇ ನೋಡಿದೆ. ಹಣೆ, ಕನ್ನಡಕ, ಒಂದು ಕಡೆ ಸಡಿಲವಾದ ಜಡೆ, ಕೆಂಪಾದ ಮೂಗಿನ ತುದಿ. ಎಲ್ಲ ನೋಡಿಕೊಂಡೆ.

ಆಮೇಲೆ ತಿರುಗಿ ನಡೆದೆ.

"ಕೆಂಪು!" ಎಂದಳು ಹಿಂದಿನಿಂದ. ಆಮೇಲೆ ಇನ್ನೊಂದು ಸಲ, ಮೆಲ್ಲಗೆ. ಕಾರಿಡಾರಿನ ಕೊನೆಯ ಗಾಜಿನ ಬಾಗಿಲಿನಲ್ಲಿ ಅವಳ ಅರಿಶಿನ ಬಣ್ಣ ಚಿಕ್ಕದಾಗಿ ಕಂಡಿತು. ಎರಡು ಕೈಯಿಂದಲೂ ಕಣ್ಣು ಮುಚ್ಚಿಕೊಂಡಿದ್ದಳು. ಭುಜ ಕುಲುಕುತ್ತಿತ್ತು. ಅದು ನಗುವೋ ಅಳುವೋ ಆ ಗಾಜಿನಲ್ಲಿ ತಿಳಿಯುವಂತಿರಲಿಲ್ಲ.

ನಾನು ಬಾಗಿಲು ತಳ್ಳಿ ಮೆಟ್ಟಿಲಿಳಿದೆ. ಹಲ್ಲು ಕಚ್ಚಿಕೊಂಡು ಕಾರಿನ ತನಕ ಹೋದೆ, ಬಾಯಿ ಎಲ್ಲಿ ತೆರೆದುಕೊಳ್ಳುತ್ತದೋ ಎಂಬ ಹೆದರಿಕೆಯಲ್ಲಿ.